ವೈನ್ ವಿಮರ್ಶಕರನ್ನು ನಂಬಬೇಕೇ, ನಮ್ಮ ನಾಲಿಗೆಯನ್ನೇ?

ಒಂದೇ ಬಾಟಲಿಯ ವೈನನ್ನು ಮೂರು ಗ್ಲಾಸುಗಳಿಗೆ ಬಗ್ಗಿಸಿ, ಮೂರಕ್ಕೂ ಬೇರೆ ಬೇರೆ ಸಂಖ್ಯೆ ಅಂಟಿಸಿ, ಹತ್ತಾರು ವರ್ಷ ವೈನ್ ರುಚಿ ನೋಡಿ ಪಳಗಿದ ತೀರ್ಪುಗಾರರೊಬ್ಬರ ಮುಂದೆ ಇಟ್ಟರೆ ಅವರು ಮೂರಕ್ಕೂ ಒಂದೇ ಅಂಕ ಕೊಡುತ್ತಾರೆಯೇ? ಕೊಡಲೇಬೇಕು ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. "92 ಅಂಕ", "ಚಿನ್ನದ ಪದಕ" ಎಂಬ ಚೀಟಿ ಹೊತ್ತ ಬಾಟಲಿಗೆ ಒಂದಿಷ್ಟು ಹೆಚ್ಚು ದುಡ್ಡು ಕೊಡುವುದು ಆ ನಂಬಿಕೆಯ ಮೇಲೆಯೇ.

ಈ ಪ್ರಶ್ನೆಯನ್ನು ನಿಜವಾಗಿಯೂ ಪರೀಕ್ಷಿಸಿ ನೋಡಿದವರು ರಾಬರ್ಟ್ ಹಾಡ್ಜ್‌ಸನ್. ಅಮೆರಿಕದ ಹಂಬೋಲ್ಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸಾಗರ ವಿಜ್ಞಾನ ಕಲಿಸಿ ನಿವೃತ್ತರಾದ ಇವರು ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಒಂದು ಚಿಕ್ಕ ವೈನರಿಯನ್ನೂ ನಡೆಸುತ್ತಿದ್ದರು. ಅವರ ತಲೆ ಕೊರೆಯುತ್ತಿದ್ದ ಸಂಗತಿ ಸರಳವಾದದ್ದು: ತಾವು ತಯಾರಿಸಿದ ಒಂದೇ ವೈನ್ ಒಂದು ಸ್ಪರ್ಧೆಯಲ್ಲಿ ಚಿನ್ನ ಗೆಲ್ಲುತ್ತದೆ, ಇನ್ನೊಂದರಲ್ಲಿ ಏನೂ ಸಿಗದೆ ಹಿಂದಿರುಗುತ್ತದೆ. ಏಕೆ? ಸಣ್ಣ ಉತ್ಪಾದಕರಿಗೆ ಇದು ಬರೀ ಮಾನದ ಪ್ರಶ್ನೆಯಲ್ಲ. ಪದಕ ಬಂದರೆ ಮಾಲು ಖರ್ಚಾಗುತ್ತದೆ, ಬರದಿದ್ದರೆ ಗೋದಾಮಿನಲ್ಲೇ ಉಳಿಯುತ್ತದೆ.

ಕ್ಯಾಲಿಫೋರ್ನಿಯಾ ಸ್ಟೇಟ್ ಫೇರ್ ಎಂಬ ದೊಡ್ಡ ಸ್ಪರ್ಧೆಯ ಆಯೋಜಕರನ್ನು ಒಪ್ಪಿಸಿ, 2005ರಿಂದ ಕೆಲವು ವರ್ಷ ಅವರು ಒಂದು ಪ್ರಯೋಗ ನಡೆಸಿದರು. ತೀರ್ಪುಗಾರರ ಮುಂದೆ ಒಂದು ಸುತ್ತಿಗೆ ಸುಮಾರು 30 ವೈನ್‌ಗಳು ಬರುತ್ತವೆ. ಅವುಗಳಲ್ಲಿ ಮೂರು ಗ್ಲಾಸುಗಳು ಒಂದೇ ಬಾಟಲಿಯವು. ಇದು ತೀರ್ಪುಗಾರರಿಗೆ ಗೊತ್ತಿರುವುದಿಲ್ಲ. 2008ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಮೂರು ಗ್ಲಾಸುಗಳನ್ನೂ ಒಂದೇ ಪದಕದ ಮಟ್ಟದಲ್ಲಿ ಇಟ್ಟವರು ನೂರಕ್ಕೆ 10 ಮಂದಿ. ಇನ್ನೊಂದು ನೂರಕ್ಕೆ 10 ಮಂದಿ ಅದೇ ಬಾಟಲಿಗೆ ಒಮ್ಮೆ ಕಂಚು, ಒಮ್ಮೆ ಚಿನ್ನ ಕೊಟ್ಟಿದ್ದರು. ಉಳಿದವರೆಲ್ಲ ಈ ಎರಡರ ನಡುವೆ. ಸಾಮಾನ್ಯವಾಗಿ ಅಂಕಗಳು 4ರಷ್ಟು ಮೇಲೆ ಕೆಳಗೆ ಓಲಾಡುತ್ತಿದ್ದವು. ಅಂದರೆ 90 ಅಂಕ ಪಡೆದ ವೈನ್, ಸ್ವಲ್ಪ ಹೊತ್ತಿನ ನಂತರ ಅದೇ ವ್ಯಕ್ತಿಯ ಕೈಯಲ್ಲಿ 86 ಆಗಬಹುದು ಅಥವಾ 94 ಆಗಬಹುದು.

"ಹಾಗಾದರೆ ಆ ನೂರಕ್ಕೆ ಹತ್ತು ಮಂದಿಯನ್ನೇ ಹಿಡಿದುಕೊಂಡರಾಯಿತಲ್ಲ" ಎನಿಸಬಹುದು. ಅದೂ ಆಗಲಿಲ್ಲ. ಒಂದು ವರ್ಷ ಕರಾರುವಾಕ್ಕಾಗಿದ್ದವರು ಮುಂದಿನ ವರ್ಷ ಉಳಿದವರಂತೆಯೇ ತಡವರಿಸಿದರು. ಆದರೆ ಒಂದು ವಿಷಯದಲ್ಲಿ ಮಾತ್ರ ತೀರ್ಪುಗಾರರು ತಕ್ಕಮಟ್ಟಿಗೆ ಸ್ಥಿರವಾಗಿದ್ದರು. ಅದು ಕೆಟ್ಟ ವೈನ್ ವಿಷಯದಲ್ಲಿ. ಇಷ್ಟವಾದದ್ದಕ್ಕಿಂತ ಇಷ್ಟವಾಗದ್ದನ್ನು ಗುರುತಿಸುವಾಗ ಅವರ ಮಾತು ಹೆಚ್ಚು ಗಟ್ಟಿ. ಈ ಸಣ್ಣ ಅಂಶವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮರುವರ್ಷ ಹಾಡ್ಜ್‌ಸನ್ 13 ಸ್ಪರ್ಧೆಗಳ ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಮೂರಕ್ಕಿಂತ ಹೆಚ್ಚು ಕಡೆ ಸ್ಪರ್ಧಿಸಿದ್ದ 2,440 ವೈನ್‌ಗಳಲ್ಲಿ ನೂರಕ್ಕೆ 47ಕ್ಕೆ ಎಲ್ಲಾದರೂ ಒಂದು ಕಡೆ ಚಿನ್ನ ಸಿಕ್ಕಿತ್ತು. ಆ ಚಿನ್ನದ ವೈನ್‌ಗಳ ಪೈಕಿ ನೂರಕ್ಕೆ 84ಕ್ಕೆ ಬೇರೊಂದು ಕಡೆ ಯಾವ ಪದಕವೂ ಇರಲಿಲ್ಲ. ಸಾಕಷ್ಟು ಸ್ಪರ್ಧೆಗಳಿಗೆ ಕಳಿಸುತ್ತಾ ಹೋದರೆ ಎಲ್ಲೋ ಒಂದು ಕಡೆ ಚಿನ್ನ ಬಂದೇ ಬರುತ್ತದೆ ಎಂದಾಯಿತು. ಚೀಟಿಯಲ್ಲಿ ಅಚ್ಚಾಗುವುದು ಆ ಒಂದು ಕಡೆಯದು ಮಾತ್ರ.

ಅಂಕ ಏಕೆ ಓಲಾಡುತ್ತದೆ?

ತೀರ್ಪುಗಾರರು ಮೋಸ ಮಾಡುತ್ತಾರೆ ಎಂದಲ್ಲ. ಬಾಯಿ ಎನ್ನುವುದು ತಕ್ಕಡಿಯಲ್ಲ, ಅಷ್ಟೇ. ಕೆಂಪು ವೈನ್‌ನಲ್ಲಿ ಟ್ಯಾನಿನ್ ಎಂಬ ವಸ್ತುಗಳಿವೆ. ಇವು ನಮ್ಮ ಎಂಜಲಿನಲ್ಲಿರುವ ಪ್ರೋಟೀನ್‌ಗಳಿಗೆ ಅಂಟಿಕೊಂಡು ಅವನ್ನು ಗಟ್ಟಿಯಾಗಿಸುತ್ತವೆ. ಬಾಯಿಯ ಜಾರುವಿಕೆ ಕಡಿಮೆಯಾಗಿ ಒಣಗಿದಂತೆ, ಎಳೆದಂತೆ ಆಗುತ್ತದೆ. ಹಸಿ ಬಾಳೆಕಾಯಿ ಕಚ್ಚಿದಾಗ, ಅಡಿಕೆ ಅಗಿದಾಗ ಆಗುವುದು ಇದೇ. ಕನ್ನಡದಲ್ಲಿ ಇದಕ್ಕೆ "ಒಗರು" ಎಂಬ ಮನೆಮಾತಿನ ಪದ ಮೊದಲಿನಿಂದಲೂ ಇದೆ, ವೈನ್ ಪಾಠ ಕೇಳದೆಯೂ ನಮಗೆ ಅದರ ಅರ್ಥ ಗೊತ್ತು. ಒಗರಿನ ಗುಣವೇನೆಂದರೆ ಅದು ಗುಟುಕಿನಿಂದ ಗುಟುಕಿಗೆ ಕೂಡುತ್ತಾ ಹೋಗುತ್ತದೆ. ಆದ್ದರಿಂದ ಮೂರನೆಯದಾಗಿ ಕುಡಿದ ವೈನ್ ಮತ್ತು ಇಪ್ಪತ್ತೈದನೆಯದಾಗಿ ಕುಡಿದ ಅದೇ ವೈನ್ ಬಾಯಿಗೆ ಒಂದೇ ಅಲ್ಲ. ಸಿಹಿ ವೈನ್ ಆದಮೇಲೆ ಬಂದ ಹುಳಿ ವೈನ್ ಇನ್ನಷ್ಟು ಹುಳಿ. ಮೂಗಿನ ಕಥೆಯೂ ಹಾಗೆಯೇ. ಒಂದೇ ವಾಸನೆಯನ್ನು ಮತ್ತೆ ಮತ್ತೆ ಮೂಸಿದರೆ ಅದು ಮಂಕಾಗುತ್ತದೆ.

ಸ್ಪರ್ಧೆಯ ತೀರ್ಪುಗಾರರು ಬೇರೆ, ಪತ್ರಿಕೆಯಲ್ಲಿ ಬರೆಯುವ ವಿಮರ್ಶಕರು ಬೇರೆ ಎಂಬ ವಾದವಿದೆ. ಅದರಲ್ಲಿ ನ್ಯಾಯವಿದೆ. ವಿಮರ್ಶಕರು ಒಂದು ವೈನ್‌ನೊಂದಿಗೆ ಹೆಚ್ಚು ಸಮಯ ಕಳೆಯಬಲ್ಲರು, ಮತ್ತೊಮ್ಮೆ ಹಿಂದಿರುಗಿ ನೋಡಬಲ್ಲರು. ಆದರೂ ಅವರವರಲ್ಲೇ ಒಮ್ಮತವಿಲ್ಲ. 100 ಅಂಕಗಳ ಪದ್ಧತಿಯನ್ನು ಜನಪ್ರಿಯಗೊಳಿಸಿದವರು ಅಮೆರಿಕದ ರಾಬರ್ಟ್ ಪಾರ್ಕರ್. ವೃತ್ತಿಯಿಂದ ವಕೀಲರಾಗಿದ್ದ ಅವರು 1978ರಲ್ಲಿ ತಮ್ಮ ಪತ್ರಿಕೆ ಶುರು ಮಾಡಿದರು. 2004ರಲ್ಲಿ ಬೋರ್ಡೊ ಪ್ರದೇಶದ ಶಾಟೊ ಪಾವಿಯ 2003ರ ವೈನನ್ನು ಅವರು ಬಹಳ ಹೊಗಳಿದರು. ಬ್ರಿಟನ್ನಿನ ಅಷ್ಟೇ ಹೆಸರಾಂತ ವಿಮರ್ಶಕಿ ಜಾನ್ಸಿಸ್ ರಾಬಿನ್ಸನ್ ಅದಕ್ಕೆ 20ಕ್ಕೆ 12 ಅಂಕ ಕೊಟ್ಟರು. ವೈನ್ ಲೋಕದಲ್ಲಿ ಅದೊಂದು ದೊಡ್ಡ ಜಗಳವೇ ಆಯಿತು. ಒಬ್ಬರಿಗೆ ಹಣ್ಣಿನ ಸಮೃದ್ಧಿ ಎನಿಸಿದ್ದು ಇನ್ನೊಬ್ಬರಿಗೆ ಅತಿ ಮಾಗಿದ ಗೊಜ್ಜಿನಂತೆ ಕಂಡಿತು. ನಮ್ಮ ಅಭಿಪ್ರಾಯದಲ್ಲಿ ಇಬ್ಬರೂ ತಪ್ಪಿರಲಿಲ್ಲ. ಇಬ್ಬರಿಗೂ ಬೇಕಾಗಿದ್ದು ಬೇರೆ ಬೇರೆ ವೈನ್.

"ತಜ್ಞರಿಗೆ ಬಿಳಿ ಕೆಂಪು ವ್ಯತ್ಯಾಸವೂ ಗೊತ್ತಾಗುವುದಿಲ್ಲ" ನಿಜವೇ?

ವಿಮರ್ಶಕರನ್ನು ಗೇಲಿ ಮಾಡುವವರು ತಪ್ಪದೆ ಎತ್ತುವ ಮಾತಿದು. ಮೂಲ ಪ್ರಯೋಗ ನಡೆದದ್ದು ಫ್ರಾನ್ಸಿನ ಬೋರ್ಡೊದಲ್ಲಿ, ಪ್ರಕಟವಾದದ್ದು 2001ರಲ್ಲಿ. ಬಿಳಿ ವೈನ್‌ಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ 54 ಮಂದಿಗೆ ಕೊಟ್ಟಾಗ, ಅವರು ಅದರ ಪರಿಮಳವನ್ನು ಕೆಂಪು ವೈನ್‌ಗೆ ಬಳಸುವ ಪದಗಳಲ್ಲೇ ಬಣ್ಣಿಸಿದರು.

ಫಲಿತಾಂಶ ನಿಜ, ಆದರೆ ಹರಡಿರುವ ಕಥೆ ಉಬ್ಬಿಸಿದ್ದು. ಆ 54 ಮಂದಿ ನುರಿತ ವಿಮರ್ಶಕರಲ್ಲ, ವೈನ್ ತಯಾರಿಕೆಯನ್ನು ಓದುತ್ತಿದ್ದ ಪದವಿ ವಿದ್ಯಾರ್ಥಿಗಳು. "ಇದು ಬಿಳಿಯೋ ಕೆಂಪೋ" ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಎದುರಿಗಿದ್ದ ಎರಡು ಗ್ಲಾಸುಗಳಲ್ಲಿ ಯಾವ ಪದ ಯಾವುದಕ್ಕೆ ಹೆಚ್ಚು ಹೊಂದುತ್ತದೆ ಎಂದು ಕೇಳಲಾಗಿತ್ತು. ಒಂದು ಗ್ಲಾಸು ಕೆಂಪಾಗಿ ಕಾಣುತ್ತಿದ್ದಾಗ ಕೆಂಪು ಹಣ್ಣುಗಳ ಹೆಸರು ಅದಕ್ಕೆ ಹೋಯಿತು. ಪ್ರಯೋಗ ತೋರಿಸಿದ್ದು ತಜ್ಞರ ದಡ್ಡತನವನ್ನಲ್ಲ. ಕಣ್ಣು ನೋಡಿದ್ದನ್ನು ಮೂಗು ನಂಬುತ್ತದೆ ಎಂಬುದನ್ನು. ಇದು ವಿದ್ಯಾರ್ಥಿಗಳಿಗೆ ಅನ್ವಯಿಸುವಷ್ಟೇ ನಮಗೂ ನಿಮಗೂ ಅನ್ವಯಿಸುತ್ತದೆ.

ಹಾಗಾದರೆ ನಮ್ಮ ನಾಲಿಗೆ ನಿಷ್ಪಕ್ಷಪಾತಿಯೇ?

"ಯಾರ ಮಾತೂ ಬೇಡ, ನಿಮಗೆ ರುಚಿಸಿದ್ದೇ ಒಳ್ಳೆಯ ವೈನ್" ಎನ್ನುವುದು ಕೇಳಲು ಹಿತವಾಗಿದೆ. ತೊಂದರೆ ಏನೆಂದರೆ "ನಮಗೆ ರುಚಿಸಿದ್ದು" ಯಾವುದು ಎಂಬುದನ್ನು ನಾಲಿಗೆ ಒಂದೇ ತೀರ್ಮಾನಿಸುವುದಿಲ್ಲ.

ಕ್ಯಾಲ್‌ಟೆಕ್ ಮತ್ತು ಸ್ಟ್ಯಾನ್‌ಫರ್ಡ್ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 20 ಮಂದಿಯನ್ನು ಮೆದುಳಿನ ಸ್ಕ್ಯಾನರ್‌ನಲ್ಲಿ ಮಲಗಿಸಿ, ಕೊಳವೆಯ ಮೂಲಕ ವೈನ್ ಹನಿಸಲಾಯಿತು. ಐದು ಬಗೆ ಎಂದು ಹೇಳಿ ಕೊಟ್ಟದ್ದು ಮೂರೇ ಬಗೆ. 5 ಡಾಲರಿನ ವೈನನ್ನು ಒಮ್ಮೆ 5 ಎಂದೂ ಒಮ್ಮೆ 45 ಎಂದೂ ಹೇಳಿದರು. 90 ಡಾಲರಿನದ್ದನ್ನು ಒಮ್ಮೆ 90 ಎಂದೂ ಒಮ್ಮೆ 10 ಎಂದೂ ಹೇಳಿದರು. ಬೆಲೆ ಹೆಚ್ಚು ಎಂದಾಗ ಅದೇ ವೈನ್ ಹೆಚ್ಚು ಇಷ್ಟವಾಯಿತು. ಕುಡಿದವರು ಬಾಯಿಮಾತಿಗೆ ಹಾಗೆ ಹೇಳಿದ್ದಲ್ಲ. ಹಿತದ ಅನುಭವಕ್ಕೆ ಸಂಬಂಧಿಸಿದ ಮೆದುಳಿನ ಭಾಗದಲ್ಲೇ ಚಟುವಟಿಕೆ ಏರಿತ್ತು. ಕೆಲವು ವಾರಗಳ ನಂತರ ಬೆಲೆ ಹೇಳದೆ ಅವೇ ವೈನ್‌ಗಳನ್ನು ಕೊಟ್ಟಾಗ ಆ ವ್ಯತ್ಯಾಸ ಮಾಯವಾಗಿತ್ತು. ಇಪ್ಪತ್ತು ಮಂದಿ ಎನ್ನುವುದು ಚಿಕ್ಕ ಸಂಖ್ಯೆ, ಆದ್ದರಿಂದ ಇದೊಂದರ ಮೇಲೆಯೇ ಎಲ್ಲವನ್ನೂ ಕಟ್ಟುವುದು ಸರಿಯಲ್ಲ.

ಅದೇ ವರ್ಷದ ಇನ್ನೊಂದು ಅಧ್ಯಯನ ಹೆಚ್ಚು ದೊಡ್ಡದು. ರಾಬಿನ್ ಗೋಲ್ಡ್‌ಸ್ಟೀನ್ ಮತ್ತು ಸಂಗಡಿಗರು ಅಮೆರಿಕದಲ್ಲಿ 506 ಮಂದಿಯಿಂದ, ಬಾಟಲಿ ಮುಚ್ಚಿಟ್ಟು, 6,000ಕ್ಕೂ ಹೆಚ್ಚು ರುಚಿ ತೀರ್ಪುಗಳನ್ನು ಕಲೆಹಾಕಿದರು. ವೈನ್‌ಗಳ ಬೆಲೆ 2 ಡಾಲರಿಗಿಂತ ಕಡಿಮೆಯಿಂದ 150 ಡಾಲರಿನವರೆಗೆ. ಬೆಲೆ ಗೊತ್ತಿಲ್ಲದಿದ್ದಾಗ ಸಾಮಾನ್ಯ ಜನರಿಗೆ ದುಬಾರಿ ವೈನ್ ಹೆಚ್ಚು ಇಷ್ಟವಾಗಲಿಲ್ಲ. ತುಸು ಕಡಿಮೆಯೇ ಇಷ್ಟವಾಯಿತು. ಆದರೆ ವೈನ್ ತರಬೇತಿ ಪಡೆದಿದ್ದವರಲ್ಲಿ ಈ ಇಳಿಕೆ ಕಾಣಲಿಲ್ಲ. ಅಂದರೆ ದುಬಾರಿ ವೈನ್‌ನಲ್ಲಿ ಏನೋ ಇದೆ, ಅದು ಕಲಿತವರಿಗೆ ಕಾಣುತ್ತದೆ. ಅದನ್ನು ಇಷ್ಟಪಡುವ ಕಲಿಕೆ ನಮಗಿಲ್ಲದಿದ್ದರೆ ಅದಕ್ಕೆ ದುಡ್ಡು ಕೊಡುವುದು ನಷ್ಟ. ವಿಮರ್ಶಕರ 95 ಅಂಕ ಸುಳ್ಳಾಗಿರಬೇಕಿಲ್ಲ, ಅದು ನಿಮ್ಮ ಬಾಯಿಗೆ ಬರೆದದ್ದಲ್ಲದಿರಬಹುದು.

ಇನ್ನು ಬಾಯಿಗಳೇ ಬೇರೆ ಬೇರೆ. ಮೆಣಸಿನ ಉದಾಹರಣೆ ನೋಡೋಣ. ಶಿರಾಜ್ ತಳಿಯ ಕೆಲವು ವೈನ್‌ಗಳಲ್ಲಿ ಕಾಳುಮೆಣಸಿನ ಘಾಟು ಇರುತ್ತದೆ ಎಂದು ವಿಮರ್ಶಕರು ಬಹುಕಾಲದಿಂದ ಬರೆಯುತ್ತಿದ್ದರು. ಅದು ಬರೀ ಕವಿತ್ವ ಎಂದುಕೊಂಡವರೂ ಇದ್ದರು. 2008ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಅದಕ್ಕೆ ಕಾರಣವಾದ ರೊಟಂಡೋನ್ ಎಂಬ ರಾಸಾಯನಿಕವನ್ನು ದ್ರಾಕ್ಷಿಯಲ್ಲಿ ಪತ್ತೆ ಮಾಡಿದರು. ಅದೇ ವಸ್ತು ನಮ್ಮ ಮಲೆನಾಡಿನ ತೋಟಗಳಲ್ಲಿ ಬೆಳೆಯುವ ಕಾಳುಮೆಣಸಿನಲ್ಲೂ ಇದೆ! ವಿಮರ್ಶಕರ ಮೂಗು ಸರಿಯಾಗಿಯೇ ಹೇಳಿತ್ತು. ಆದರೆ ಅದೇ ಸಂಶೋಧನೆಯಲ್ಲಿ ಇನ್ನೊಂದು ಸಂಗತಿ ಹೊರಬಂತು: ಪರೀಕ್ಷೆಗೆ ಕೂತವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಪ್ರಮಾಣ ಹೆಚ್ಚಿದ್ದರೂ ಅದರ ವಾಸನೆಯೇ ಬರಲಿಲ್ಲ. "ಮೆಣಸಿನ ಘಮ" ಎಂಬ ಹೊಗಳಿಕೆ ಓದಿ ಬಾಟಲಿ ಕೊಂಡ ಅಂಥವರಿಗೆ ಎಷ್ಟು ತಿಣುಕಿದರೂ ಅದು ಸಿಗುವುದಿಲ್ಲ. ಅದು ಅವರ ತಪ್ಪೂ ಅಲ್ಲ. ಕಹಿಯ ವಿಷಯದಲ್ಲೂ ಹೀಗೆಯೇ. ಟಿಎಎಸ್2ಆರ್38 ಎಂಬ ಜೀನ್ ಯಾವ ರೂಪದಲ್ಲಿದೆ ಎಂಬುದರ ಮೇಲೆ ಕೆಲವು ಕಹಿ ವಸ್ತುಗಳು ಒಬ್ಬರಿಗೆ ಅಸಹನೀಯ, ಇನ್ನೊಬ್ಬರಿಗೆ ಬರೀ ನೀರು.

ವಿಮರ್ಶಕರಿಂದ ಏನು ಪ್ರಯೋಜನ?

ಇದೆ. ಮೊದಲನೆಯದು ದೋಷ ಪತ್ತೆ. ಮೇಲೆ ನೆನಪಿಟ್ಟುಕೊಳ್ಳಿ ಎಂದ ಮಾತು ಇಲ್ಲಿ ಬರುತ್ತದೆ. ಬಿರಡೆಯಿಂದ ವೈನ್‌ಗೆ ಇಳಿಯುವ ಟಿಸಿಎ ಎಂಬ ವಸ್ತು ಲಕ್ಷ ಕೋಟಿಯಲ್ಲಿ ಕೆಲವೇ ಪಾಲಿನಷ್ಟಿದ್ದರೂ ವೈನ್ ನೆನೆದ ರಟ್ಟಿನಂತೆ ಮುಗ್ಗಲು ವಾಸನೆ ಹೊಡೆಯುತ್ತದೆ. ವಿನೆಗರ್‌ನತ್ತ ತಿರುಗಿದ ಹುಳಿ, ಗಾಳಿ ತಾಗಿ ಹಾಳಾದ ರುಚಿ ಇವನ್ನೆಲ್ಲ ಪಳಗಿದವರು ಬೇಗ ಹಿಡಿಯುತ್ತಾರೆ. ಹೊಸಬರು "ವೈನ್ ಎಂದರೆ ಹೀಗೆಯೇ ಇರಬೇಕೇನೋ" ಎಂದು ಸುಮ್ಮನಾಗುತ್ತಾರೆ. ಹೋಟೆಲಿನಲ್ಲಿ ನಿಮಗೆ ಮೊದಲು ಒಂದು ಗುಟುಕು ಬಗ್ಗಿಸುವುದು ಇದಕ್ಕೇ. ಇಷ್ಟವಾಯಿತೇ ಎಂದು ಕೇಳಲು ಅಲ್ಲ, ಕೆಟ್ಟಿದೆಯೇ ಎಂದು ನೋಡಲು.

ಎರಡನೆಯದು ವರ್ಣನೆ. ಅಂಕ ಓಲಾಡುತ್ತದೆ, ಆದರೆ "ಒಗರು ಹೆಚ್ಚು, ಹುಳಿ ಕಡಿಮೆ, ಸಿಹಿ ಇಲ್ಲ" ಎಂಬ ಮಾತು ಅಷ್ಟು ಓಲಾಡುವುದಿಲ್ಲ. ಆದ್ದರಿಂದ ಚೀಟಿಯಲ್ಲಿ ಅಂಕಕ್ಕಿಂತ ವಾಕ್ಯವನ್ನು ಓದಿ ಎನ್ನುವುದು ನಮ್ಮ ಸಲಹೆ. ಹಣ್ಣಿನ ಹೆಸರುಗಳನ್ನು ಮಾತ್ರ ಸ್ವಲ್ಪ ಜಾಗ್ರತೆಯಿಂದ ಓದಬೇಕು. ಅವು ಯುರೋಪಿನವರ ಬಾಲ್ಯದ ಹಣ್ಣುಗಳು. ಸೊವಿನ್ಯೊ ಬ್ಲಾಂಕ್ ವೈನ್‌ನಲ್ಲಿ "ಗೂಸ್‌ಬೆರಿ" ಇದೆ ಎಂದು ಓದಿ ನೆಲ್ಲಿಕಾಯಿಯನ್ನು ಹುಡುಕಿದರೆ ಸಿಗುವುದಿಲ್ಲ. ನಿಘಂಟು ಎರಡನ್ನೂ ಒಂದು ಮಾಡಿದ್ದರೂ ಅವು ಸಂಬಂಧವೇ ಇಲ್ಲದ ಎರಡು ಗಿಡಗಳು.

ಇದಕ್ಕೆ ಉಲ್ಟಾ ಉದಾಹರಣೆ ನಮ್ಮ ಮನೆಯಂಗಳದಲ್ಲೇ ಇದೆ. ನಂದಿ ಬೆಟ್ಟದ ಸುತ್ತ ಬೆಳೆಯುವ, ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಬೆಂಗಳೂರು ನೀಲಿ ದ್ರಾಕ್ಷಿ ಅಮೆರಿಕ ಮೂಲದ ಲ್ಯಾಬ್ರುಸ್ಕಾ ವಂಶಕ್ಕೆ ಸೇರಿದ್ದು. ಈ ವಂಶದ ದ್ರಾಕ್ಷಿಗಳ ಗಾಢ ಪರಿಮಳವನ್ನು ಯುರೋಪಿನ ಪರಂಪರೆಯ ವಿಮರ್ಶಕರು "ನರಿ ವಾಸನೆ" ಎಂದು ಕರೆದು ವೈನ್‌ನಲ್ಲಿ ಅದನ್ನು ದೋಷವೆಂದೇ ಎಣಿಸುತ್ತಾರೆ. ಬೇಸಿಗೆಯಲ್ಲಿ ಆ ದ್ರಾಕ್ಷಿಯ ರಸ ಕುಡಿದು ಬೆಳೆದವರಿಗೆ ಅದು ದ್ರಾಕ್ಷಿಯ ವಾಸನೆ, ಬೇರೇನೂ ಅಲ್ಲ. ಟಿಸಿಎ ದೋಷ ಎಂಬುದು ಒಂದು ಬಗೆಯ ಮಾತು, ನರಿ ವಾಸನೆ ದೋಷ ಎಂಬುದು ಬೇರೆಯೇ ಬಗೆಯ ಮಾತು. ಮೊದಲನೆಯದರಲ್ಲಿ ವಿಮರ್ಶಕರನ್ನು ನಂಬಿ. ಎರಡನೆಯದರಲ್ಲಿ ನಂಬಲೇಬೇಕಿಲ್ಲ.

ಯಾವ ವಿಮರ್ಶಕರು?

ಒಳ್ಳೆಯ ವಿಮರ್ಶಕರು ಯಾರು ಎಂದು ಕೇಳುವುದಕ್ಕಿಂತ ನಮಗೆ ಹೊಂದುವವರು ಯಾರು ಎಂದು ಕೇಳುವುದು ಲೇಸು. ಪಾಂಟೆಲಿಸ್ ಅನಲಿಟಿಸ್ ಮತ್ತು ಸಂಗಡಿಗರು 2018ರಲ್ಲಿ ಇದೇ ಪ್ರಶ್ನೆಯನ್ನು, ವೈನ್ ಬದಲು ನಗೆಹನಿಗಳನ್ನಿಟ್ಟುಕೊಂಡು ಪರಿಶೀಲಿಸಿದರು. ಸಾವಿರಾರು ಜನ 100 ನಗೆಹನಿಗಳಿಗೆ ಕೊಟ್ಟ ಅಂಕಗಳು ಅವರ ಬಳಿ ಇದ್ದವು. ಇನ್ನೊಬ್ಬರ ಅಭಿಪ್ರಾಯವನ್ನು ಹೇಗೆ ಬಳಸಿದರೆ ನಮಗೆ ಯಾವುದು ಇಷ್ಟವಾಗುತ್ತದೆ ಎಂದು ಚೆನ್ನಾಗಿ ಊಹಿಸಬಹುದು? ಅನುಭವ ಕಡಿಮೆ ಇರುವವರು ಬಹುಮತವನ್ನು ಹಿಂಬಾಲಿಸಿದರೆ ಲಾಭ. ಅನುಭವ ಬಂದ ಮೇಲೆ, ತಮ್ಮಂಥ ಅಭಿರುಚಿಯವರನ್ನು ಹುಡುಕಿ ಅವರ ಮಾತು ಕೇಳಿದರೆ ಹೆಚ್ಚು ಲಾಭ. ಯಾರ ಜೊತೆಗೂ ಹೊಂದದ ವಿಚಿತ್ರ ಅಭಿರುಚಿಯವರಿಗೆ ಮಾತ್ರ ಇತರರ ಮಾತಿನಿಂದ ಹೆಚ್ಚು ಪ್ರಯೋಜನವಿಲ್ಲ. ನಗೆಹನಿಯ ಲೆಕ್ಕ ವೈನ್‌ಗೆ ಹಾಗೆಹಾಗೆಯೇ ಹೊಂದುತ್ತದೆ ಎನ್ನಲಾಗದು, ಆದರೆ ದಾರಿ ಸರಿಯಾದದ್ದೆಂದು ನಮಗನಿಸುತ್ತದೆ. ಹೊಸಬರು ಬಹಳ ಜನ ಮೆಚ್ಚಿದ್ದರಿಂದ ಶುರು ಮಾಡಲಿ. ಹತ್ತಾರು ಬಗೆ ನೋಡಿದ ಮೇಲೆ, ತಮಗೆ ಇಷ್ಟವಾದದ್ದನ್ನೇ ಇಷ್ಟಪಟ್ಟ ಒಬ್ಬಿಬ್ಬರು ಬರಹಗಾರರನ್ನು ಗುರುತಿಸಿಕೊಳ್ಳಲಿ. ನಿಮಗೆ ತಪ್ಪದೆ ಉಲ್ಟಾ ಹೊಡೆಯುವ ವಿಮರ್ಶಕರು ಸಿಕ್ಕರೂ ಬಿಡಬೇಡಿ. ಅವರು ಬೈದದ್ದನ್ನು ಕೊಳ್ಳಬಹುದು.

ನಾಲಿಗೆಯನ್ನು ಪರೀಕ್ಷಿಸುವುದು ಹೇಗೆ?

ಆಹಾರ ಉದ್ಯಮದಲ್ಲಿ ದಶಕಗಳಿಂದ ಬಳಸುವ ತ್ರಿಕೋನ ಪರೀಕ್ಷೆ ಎಂಬ ಸರಳ ವಿಧಾನವಿದೆ. ಮೂರು ಲೋಟ, ಎರಡರಲ್ಲಿ ಒಂದೇ ಪೇಯ, ಮೂರನೆಯದರಲ್ಲಿ ಬೇರೆ. ಬೇರೆಯಾದದ್ದು ಯಾವುದು ಎಂದು ಹೇಳಬೇಕು, ಅಷ್ಟೇ. ಬಗ್ಗಿಸುವವರು ಬೇರೆಯವರಾಗಿರಬೇಕು, ನೀವು ಆ ಹೊತ್ತು ಕೋಣೆಯಲ್ಲಿ ಇರಬಾರದು. ಬಣ್ಣದಲ್ಲಿ ವ್ಯತ್ಯಾಸವಿದ್ದರೆ ಸ್ಟೀಲ್ ಲೋಟ ಬಳಸಿ, ಕಣ್ಣು ಮುಚ್ಚಿಕೊಳ್ಳಿ. ಎಲ್ಲವೂ ಒಂದೇ ಬಿಸಿಯಲ್ಲಿ ಅಥವಾ ಒಂದೇ ತಂಪಿನಲ್ಲಿ ಇರಲಿ, ನಡುನಡುವೆ ನೀರು ಕುಡಿಯಿರಿ. ಕುರುಡು ಊಹೆಯಲ್ಲೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. ಹಾಗಾಗಿ ಒಮ್ಮೆ ಸರಿ ಹೇಳಿದ್ದಕ್ಕೆ ಬೀಗಬಾರದು. ಆರು ಸಲದಲ್ಲಿ ನಾಲ್ಕು ಅಥವಾ ಹೆಚ್ಚು ಸಲ ಸರಿ ಹೇಳುವುದು ಬರೀ ಅದೃಷ್ಟದಿಂದ ನೂರಕ್ಕೆ ಹತ್ತು ಬಾರಿ ಸಾಧ್ಯ. ಐದು ಅಥವಾ ಆರು ಸಲ ಸರಿಯಾದರೆ ಅದೃಷ್ಟದ ಪಾಲು ನೂರಕ್ಕೆ ಎರಡಕ್ಕಿಂತ ಕಡಿಮೆ.

ಇದಕ್ಕೆ ವೈನ್ ಬೇಕೇಬೇಕೆಂದಿಲ್ಲ. ಮದ್ಯದ ವಿಷಯದಲ್ಲಿ ಆರೋಗ್ಯಕ್ಕೆ ಸುರಕ್ಷಿತವಾದ ಪ್ರಮಾಣ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ವೈನ್‌ನಲ್ಲಿರುವ ಆಲ್ಕೋಹಾಲೂ ಕ್ಯಾನ್ಸರ್ ತರುವ ವಸ್ತುವೇ, ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು ಎಂದು ಅದನ್ನು ಔಷಧದಂತೆ ಶುರು ಮಾಡುವುದಕ್ಕೆ ಆಧಾರವಿಲ್ಲ. ಕುಡಿಯುವವರಾದರೂ ಪರೀಕ್ಷೆಯಲ್ಲಿ ಉಗುಳುವುದೇ ಸರಿ, ವೃತ್ತಿಪರರು ಮಾಡುವುದೂ ಹಾಗೆಯೇ. ಕುಡಿಯದವರು ಎರಡು ಬ್ರ್ಯಾಂಡಿನ ಕಾಫಿ ಪುಡಿ, ತುಪ್ಪ, ಇಲ್ಲವೇ ಬಾಟಲಿ ನೀರನ್ನು ಹೀಗೆ ಪರೀಕ್ಷಿಸಬಹುದು. ಚಿಕೋರಿ ಬೆರೆತ ಕಾಫಿಯನ್ನು ವಾಸನೆಯಲ್ಲೇ ಹಿಡಿಯುತ್ತೇವೆ ಎಂದು ಜಂಬ ಕೊಚ್ಚುತ್ತಿದ್ದ ನಾವು, ಹಾಲು ಸಕ್ಕರೆ ಹಾಕಿದ ಮೇಲೆ ಆರರಲ್ಲಿ ಮೂರು ಸಲ ಮಾತ್ರ ಸರಿ ಹೇಳಿದೆವು. ಕಪ್ಪು ಡಿಕಾಕ್ಷನ್‌ನಲ್ಲಿ ಮತ್ತೆ ಆಡಿದಾಗ ಆರಕ್ಕೆ ಐದು.

ವೈನ್‌ನಲ್ಲಾದರೆ ಇಷ್ಟು ಮಾಡಿ: ನೀವು ಯಾವಾಗಲೂ ಕೊಳ್ಳುವ ಬಾಟಲಿ ಮತ್ತು "90ಕ್ಕಿಂತ ಹೆಚ್ಚು ಅಂಕ" ಎಂಬ ಅದೇ ತಳಿಯ ದುಬಾರಿ ಬಾಟಲಿ, ಎರಡನ್ನೂ ಪೇಪರಿನಲ್ಲಿ ಸುತ್ತಿ ತ್ರಿಕೋನ ಪರೀಕ್ಷೆಗೆ ಇಡಿ. ವ್ಯತ್ಯಾಸವೇ ಸಿಗದಿದ್ದರೆ ಮುಂದಿನ ಸಲ ಆ ದುಡ್ಡು ಉಳಿಯಿತು. ಸಿಕ್ಕಿದರೆ, ಚೀಟಿ ನೋಡುವ ಮೊದಲೇ ಯಾವುದು ಹೆಚ್ಚು ಹಿಡಿಸಿತು ಎಂದು ಒಂದು ಕಾಗದದಲ್ಲಿ ಬರೆದಿಡಿ. ಪೇಪರ್ ಬಿಚ್ಚಿದ ಮೇಲೆ ಬರೆದದ್ದು ಲೆಕ್ಕಕ್ಕಿಲ್ಲ.